ಸೆನ್ಸರ್ ಜಾಲವನ್ನು ನಂಬುವುದು ಹೇಗೆ: ಗಣಿತದ ಪರಿಶೀಲನೆ ಮತ್ತು ಅದರ ಹಿಂದಿನ ಊಹೆಗಳು

2008ರ ಅಕ್ಟೋಬರ್ 7ರಂದು ಸಿಂಗಪುರದಿಂದ ಪರ್ತ್ ನಗರಕ್ಕೆ ಹೊರಟಿದ್ದ ಕ್ವಾಂಟಸ್ 72 ವಿಮಾನ 37,000 ಅಡಿ ಎತ್ತರದಲ್ಲಿ ನೆಟ್ಟಗೆ ಹಾರುತ್ತಿದ್ದಾಗ, ಪೈಲಟ್‌ಗಳು ಯಾವ ಆಜ್ಞೆಯನ್ನೂ ಕೊಡದಿದ್ದರೂ, ಇದ್ದಕ್ಕಿದ್ದಂತೆ ಮೂತಿ ತಗ್ಗಿಸಿ ಕೆಳಗಿಳಿಯತೊಡಗಿತು. ಬೆಲ್ಟ್ ಹಾಕಿಕೊಳ್ಳದೆ ಕುಳಿತವರೂ ನಡುದಾರಿಯಲ್ಲಿ ನಿಂತವರೂ ಚಾವಣಿಗೆ ಅಪ್ಪಳಿಸಿದರು. ಪೈಲಟ್‌ಗಳು ವಿಮಾನವನ್ನು ಹತೋಟಿಗೆ ತಂದ ಕೆಲವೇ ನಿಮಿಷಗಳಲ್ಲಿ ಅದು ಮತ್ತೊಮ್ಮೆ ಹಾಗೆಯೇ ಮಾಡಿತು. 303 ಪ್ರಯಾಣಿಕರಲ್ಲಿ ಕನಿಷ್ಠ 110 ಮಂದಿಗೆ, 12 ಸಿಬ್ಬಂದಿಯಲ್ಲಿ 9 ಮಂದಿಗೆ ಗಾಯಗಳಾದವು. ವಿಮಾನವನ್ನು ಪಶ್ಚಿಮ ಆಸ್ಟ್ರೇಲಿಯಾದ ಲಿಯರ್ಮಂತ್ ನಿಲ್ದಾಣದಲ್ಲಿ ಇಳಿಸಲಾಯಿತು. ಸೆನ್ಸರ್ ಜಾಲಗಳ ವಿಶ್ವಾಸಾರ್ಹತೆಯ ಬಗ್ಗೆ ಮಾತನಾಡುವಾಗ ನಾನು ಈ ಘಟನೆಯನ್ನೇ ಮೊದಲು ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಇಲ್ಲಿ ಸೆನ್ಸರ್ ಒಂದಲ್ಲ, ಮೂರು ಇದ್ದವು. ಮೂರರಲ್ಲಿ ಒಂದು ಕೆಟ್ಟರೆ ಏನು ಮಾಡಬೇಕೆಂಬ ನಿಯಮವನ್ನೂ ವಿನ್ಯಾಸಕಾರರು ಮುಂಚಿತವಾಗಿ ಯೋಚಿಸಿ ಬರೆದಿದ್ದರು. ಕೆಟ್ಟದ್ದು ಒಂದೇ. ಆದರೂ ವಿಮಾನ ಆ ಒಂದರ ಮಾತನ್ನೇ ಕೇಳಿತು.

ಆ ನಿಯಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರೆಕ್ಕೆ ಗಾಳಿಗೆ ಎಷ್ಟು ಕೋನದಲ್ಲಿ ಒಡ್ಡಿಕೊಂಡಿದೆ ಎಂಬುದನ್ನು ಆ ಮಾದರಿಯ ವಿಮಾನದಲ್ಲಿ ಮೂರು ಪ್ರತ್ಯೇಕ ಘಟಕಗಳು ಅಳೆದು ಹಾರಾಟ ನಿಯಂತ್ರಣ ಕಂಪ್ಯೂಟರಿಗೆ ಕಳಿಸುತ್ತವೆ. ಕಂಪ್ಯೂಟರು ಮೊದಲನೆಯ ಮತ್ತು ಎರಡನೆಯ ಘಟಕಗಳ ಸರಾಸರಿಯನ್ನು ಬಳಸುತ್ತದೆ. ಆ ಎರಡರಲ್ಲಿ ಯಾವುದಾದರೂ ಮೂರರ ನಡುವಿನ ಮೌಲ್ಯದಿಂದ ಬಹಳ ದೂರ ಸರಿದರೆ, ಕೊನೆಯ ಒಳ್ಳೆಯ ಸರಾಸರಿಯನ್ನು ನೆನಪಿನಲ್ಲಿಟ್ಟುಕೊಂಡು 1.2 ಸೆಕೆಂಡುಗಳ ಕಾಲ ಅದನ್ನೇ ಬಳಸುತ್ತದೆ. ತಪ್ಪು ಮೌಲ್ಯ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೆಯೇ ಉಳಿದರೆ ಆ ಘಟಕವನ್ನು ಆ ಹಾರಾಟದ ಉಳಿದ ಭಾಗದುದ್ದಕ್ಕೂ ಕೈಬಿಡುತ್ತದೆ. ಓದಿದರೆ ವಿವೇಕದ ನಿಯಮ ಅನ್ನಿಸುತ್ತದೆ. ಕ್ಷಣಿಕ ಏರುಪೇರನ್ನು ಕ್ಷಮಿಸುತ್ತದೆ, ದೀರ್ಘ ದೋಷವನ್ನು ಹೊರಗಿಡುತ್ತದೆ. ಈಗ ಮೊದಲ ಘಟಕ ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯ ಒಂದು ತಪ್ಪು ಮೌಲ್ಯ ಕಳಿಸಿ ಸರಿಯಾಯಿತು ಎಂದಿಟ್ಟುಕೊಳ್ಳಿ. ದೋಷ ದೀರ್ಘವಲ್ಲವಾದ್ದರಿಂದ ಘಟಕ ಒಳಗೇ ಉಳಿಯಿತು. ನೆನಪಿನ ಮೌಲ್ಯದ ಗಡುವು ಮುಗಿಯುವ ಹೊತ್ತಿಗೆ ಸರಿಯಾಗಿ, ಅಂದರೆ 1.2 ಸೆಕೆಂಡುಗಳ ನಂತರ, ಅದೇ ಘಟಕದಿಂದ ಎರಡನೆಯ ತಪ್ಪು ಮೌಲ್ಯ ಬಂತು. ಕಂಪ್ಯೂಟರು ಆ ಕ್ಷಣದಲ್ಲಿ ನೆನಪನ್ನು ಬಿಟ್ಟು ಪ್ರಸ್ತುತ ಮೌಲ್ಯಕ್ಕೆ ಮರಳುತ್ತದೆ, ಪ್ರಸ್ತುತ ಮೌಲ್ಯವೇ ತಪ್ಪು. ಆ ದಿನ ನಡೆದದ್ದು ಇಷ್ಟೇ.

ಇನ್ನೊಂದು ವಿವರವನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಆ ತಪ್ಪು ಮೌಲ್ಯ 50.6 ಡಿಗ್ರಿ ಎಂದಿತ್ತು. ಕೆಟ್ಟ ಸೆನ್ಸರ್ ಯದ್ವಾತದ್ವಾ ಸಂಖ್ಯೆ ಕಳಿಸುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಇದು ಹಾಗೆ ಬಂದ ಸಂಖ್ಯೆಯಲ್ಲ. ವಿಮಾನದ ಎತ್ತರವನ್ನು ಹೇಳುವ ಬಿಟ್‌ಗಳ ಮೇಲೆ ಕೋನದ ಲೇಬಲ್ ಅಂಟಿಕೊಂಡು ಬಂದಿತ್ತು. ಸುಮಾರು 37,000 ಅಡಿ ಎಂಬ ಸರಿಯಾದ ಮಾಹಿತಿಯನ್ನು ಕೋನವೆಂದು ಓದಿದರೆ 50.6 ಡಿಗ್ರಿ ಆಗುತ್ತದೆ. ಅಂದರೆ ಗಾಳಿಯನ್ನು ಅಳೆಯುವ ಸಾಧನ ಕೆಟ್ಟಿರಲಿಲ್ಲ, ಎತ್ತರ ಅಳೆಯುವ ಸಾಧನವೂ ಕೆಟ್ಟಿರಲಿಲ್ಲ, ಅವುಗಳ ಮಾತನ್ನು ಪೊಟ್ಟಣ ಕಟ್ಟಿ ಕಳಿಸುವ ಹಂತದಲ್ಲಿ ಹೆಸರು ಅದಲುಬದಲಾಗಿತ್ತು. ಅದಕ್ಕೆ ಮೂಲ ಪ್ರೇರಣೆ ಏನೆಂಬುದನ್ನು ಆಸ್ಟ್ರೇಲಿಯಾದ ತನಿಖಾ ಸಂಸ್ಥೆ ಮೂರು ವರ್ಷಗಳ ಪರಿಶೀಲನೆಯ ಬಳಿಕವೂ ಖಚಿತವಾಗಿ ಹೇಳಲಾಗಲಿಲ್ಲ. ಜಾಲವಾಗಿ ಹೆಣೆದ ಸೆನ್ಸರ್‌ಗಳ ವಿಷಯದಲ್ಲಿ ಇದು ಮೊದಲ ಎಚ್ಚರಿಕೆ. ಪ್ರತಿ ಸೆನ್ಸರನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿ ಒಳ್ಳೆಯದೆಂದು ಒಪ್ಪಿಕೊಂಡ ಮೇಲೂ, ಅವುಗಳ ನಡುವಿನ ಮಾತುಕತೆಯಲ್ಲಿ, ಹೊತ್ತಿನ ಲೆಕ್ಕದಲ್ಲಿ, ಲೇಬಲ್‌ಗಳಲ್ಲಿ ಅಪಾಯ ಉಳಿದಿರುತ್ತದೆ.

ಒಂದೇ ಸೆನ್ಸರನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನಲ್ಲಿ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳ ಎರಡು ದುರಂತಗಳು ತೋರಿಸಿದವು. ಒಟ್ಟು 346 ಮಂದಿ ಸತ್ತರು. ಹಾಗಾಗಿ ಸೆನ್ಸರ್‌ಗಳು ಒಂದಕ್ಕಿಂತ ಹೆಚ್ಚಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೂರಿಟ್ಟುಬಿಟ್ಟರೆ ಸಾಕು ಎಂಬ ನಂಬಿಕೆಯನ್ನು ಕ್ವಾಂಟಸ್ 72 ಮುರಿಯಿತು.

ಪರೀಕ್ಷೆಯಲ್ಲಿ ಇದು ಏಕೆ ಸಿಕ್ಕಲಿಲ್ಲ ಎಂದು ನೀವು ಕೇಳಬಹುದು. ಆ ನಿಯಮ ಹೊತ್ತ ವಿಮಾನಗಳು ಅಷ್ಟು ಹೊತ್ತಿಗೆ ಒಟ್ಟು 2.8 ಕೋಟಿಗೂ ಹೆಚ್ಚು ಗಂಟೆ ಹಾರಿದ್ದವು. ಆ ದೋಷ ಹಾರಾಟದ ದಾರಿಯನ್ನು ಬದಲಿಸಿದ್ದು ಅಷ್ಟು ಗಂಟೆಗಳಲ್ಲಿ ಇದೊಂದೇ ಸಲ. ಯಾವ ಪ್ರಯೋಗಾಲಯದಲ್ಲಿ ಯಾರು 2.8 ಕೋಟಿ ಗಂಟೆ ಪರೀಕ್ಷೆ ನಡೆಸಲು ಸಾಧ್ಯ? ನಾಸಾದ ಲ್ಯಾಂಗ್ಲಿ ಕೇಂದ್ರದ ರಿಕಿ ಬಟ್ಲರ್ ಮತ್ತು ಜಾರ್ಜ್ ಫಿನೆಲ್ಲಿ 1990ರ ದಶಕದ ಆರಂಭದಲ್ಲಿಯೇ ಈ ಪ್ರಶ್ನೆಯನ್ನು ಲೆಕ್ಕಕ್ಕೆ ತಂದಿದ್ದರು. ನಾಗರಿಕ ವಿಮಾನಯಾನದಲ್ಲಿ ಭೀಕರ ಪರಿಣಾಮದ ವೈಫಲ್ಯ ನೂರು ಕೋಟಿ ಹಾರಾಟ ಗಂಟೆಗಳಿಗೆ ಒಂದಕ್ಕಿಂತ ಹೆಚ್ಚಿರಬಾರದು ಎಂಬುದು ಗುರಿ. ಅದನ್ನು ಓಡಿಸಿ ನೋಡಿಯೇ ಸಾಬೀತು ಮಾಡುತ್ತೇನೆಂದು ಒಂದು ಯಂತ್ರವನ್ನು ಹೂಡಿದರೆ, ನೂರು ಕೋಟಿ ಗಂಟೆ ಎಂದರೆ 1,14,000 ವರ್ಷ. ಸಾವಿರ ಯಂತ್ರಗಳನ್ನು ಒಟ್ಟಿಗೆ ಓಡಿಸಿದರೂ 114 ವರ್ಷ ಬೇಕು. ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡದ ಯಾವುದನ್ನೂ ನಾನು ನಂಬುವವನಲ್ಲ. ಆದರೆ ಇಷ್ಟು ಎತ್ತರದ ಭರವಸೆಯನ್ನು ಪರೀಕ್ಷೆಯೊಂದರಿಂದಲೇ ಪಡೆಯಲು ಗಣಿತವೇ ಅವಕಾಶ ಕೊಡುವುದಿಲ್ಲ.

ಹಾಗಾದರೆ ಬೇರೆ ದಾರಿ ಯಾವುದು? ಫಾರ್ಮಲ್ ವೆರಿಫಿಕೇಶನ್ ಎಂದು ಕರೆಯುವ ಗಣಿತದ ಪರಿಶೀಲನೆಯಲ್ಲಿ ವ್ಯವಸ್ಥೆಯನ್ನು ಓಡಿಸಿ ನೋಡುವುದಿಲ್ಲ; ಅದು ಇರಬಹುದಾದ ಸ್ಥಿತಿಗಳನ್ನೂ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ನಿಯಮಗಳನ್ನೂ ಗಣಿತದ ಭಾಷೆಯಲ್ಲಿ ಬರೆದು, ಬೇಕಾದ ಗುಣವನ್ನೂ ಅದೇ ಭಾಷೆಯಲ್ಲಿ ಬರೆದು, ಆ ಗುಣ ಎಲ್ಲ ದಾರಿಗಳಲ್ಲೂ ನಿಲ್ಲುತ್ತದೆಯೇ ಎಂದು ತಾಳೆ ನೋಡುತ್ತಾರೆ. ಕಾಲಕ್ಕೆ ಸಂಬಂಧಿಸಿದ ಗುಣಗಳನ್ನು ಬರೆಯಲು ತರ್ಕಶಾಸ್ತ್ರದ ಒಂದು ಶಾಖೆಯನ್ನು ಕಂಪ್ಯೂಟರ್ ವಿಜ್ಞಾನಕ್ಕೆ ತಂದವರು ಅಮೀರ್ ಪ್ನುಯೆಲಿ, 1977ರಲ್ಲಿ. ಎಲ್ಲ ಸ್ಥಿತಿಗಳನ್ನೂ ಯಂತ್ರವೇ ಹುಡುಕಿ ತಾಳೆ ನೋಡುವ ಮಾಡೆಲ್ ಚೆಕಿಂಗ್ ವಿಧಾನವನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಎಡ್ಮಂಡ್ ಕ್ಲಾರ್ಕ್ ಮತ್ತು ಅಲೆನ್ ಎಮರ್ಸನ್, ಫ್ರಾನ್ಸಿನಲ್ಲಿ ಜೋಸೆಫ್ ಸಿಫಾಕಿಸ್ ಕಟ್ಟಿದರು; ಆ ಮೂವರಿಗೆ 2007ರ ಟ್ಯೂರಿಂಗ್ ಪ್ರಶಸ್ತಿ ಬಂತು. ಗಡಿಯಾರಗಳನ್ನೂ ಮಾದರಿಯೊಳಗೆ ಸೇರಿಸುವ ಕಾಲಬದ್ಧ ಯಂತ್ರಗಳ ಸಿದ್ಧಾಂತವನ್ನು ರಾಜೀವ್ ಅಲೂರ್ ಮತ್ತು ಡೇವಿಡ್ ಡಿಲ್ ಕೊಟ್ಟರು. ಅದನ್ನು ಉಪಯೋಗಿಸುವ ಉಪ್ಪಾಲ್ ಎಂಬ ಸಾಧನ ಸ್ವೀಡನ್ನಿನ ಉಪ್ಸಲಾ ಮತ್ತು ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿತು.

ಈಗ ಹಿಂದಿನ ನಿಯಮಕ್ಕೆ ಮರಳಿ. ಅದನ್ನು ಇಂಥ ಸಾಧನದಲ್ಲಿ ಬರೆಯಲು ಎರಡು ಗಡಿಯಾರ ಸಾಕು. ಒಂದು, ತಪ್ಪು ಮೌಲ್ಯ ಎಷ್ಟು ಹೊತ್ತಿನಿಂದ ಇದೆ ಎಂಬುದಕ್ಕೆ. ಇನ್ನೊಂದು, ನೆನಪಿನ ಮೌಲ್ಯವನ್ನು ಬಳಸಲು ತೊಡಗಿ ಎಷ್ಟು ಹೊತ್ತಾಯಿತು ಎಂಬುದಕ್ಕೆ. ಒಂದು ಘಟಕ ಯಾವಾಗ ಬೇಕಾದರೂ ತಪ್ಪು ಹೇಳಬಹುದು, ಯಾವಾಗ ಬೇಕಾದರೂ ಸರಿಹೋಗಬಹುದು ಎಂದು ಪರಿಸರಕ್ಕೆ ಪೂರ್ತಿ ಸ್ವಾತಂತ್ರ್ಯ ಕೊಡಬೇಕು. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಒಂದು ಘಟಕ ಮಾತ್ರ ಕೆಟ್ಟಿರುವಾಗ, ನಿಯಂತ್ರಣಕ್ಕೆ ಬಳಸುವ ಮೌಲ್ಯ ನಿಜದಿಂದ ಬಹಳ ದೂರ ಸರಿಯುವ ಸ್ಥಿತಿ ಎಲ್ಲಾದರೂ ಇದೆಯೇ? ಇಂಥ ಪುಟ್ಟ ಮಾದರಿಯ ಸ್ಥಿತಿಗಳನ್ನೆಲ್ಲ ಜಾಲಾಡುವುದು ಸಾಧನಕ್ಕೆ ದೊಡ್ಡ ಕೆಲಸವಲ್ಲ. ಅದು ಬರೀ ಹೌದು ಅಥವಾ ಇಲ್ಲ ಎನ್ನುವುದಿಲ್ಲ. ಗುಣ ಮುರಿದರೆ ಯಾವ ಕ್ಷಣದಲ್ಲಿ ಏನಾಗಿ ಮುರಿಯಿತು ಎಂಬ ಘಟನಾವಳಿಯನ್ನು ಹೆಜ್ಜೆಹೆಜ್ಜೆಯಾಗಿ ಮುಂದಿಡುತ್ತದೆ. ಈ ವಿಧಾನದಲ್ಲಿ ಅತ್ಯಂತ ಬೆಲೆಬಾಳುವುದು ಆ ಘಟನಾವಳಿಯೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದನ್ನು ಗಣಿತ ಗೊತ್ತಿಲ್ಲದ ವಿನ್ಯಾಸಕಾರನ ಮುಂದಿಟ್ಟರೂ ಅವನು ಅದನ್ನು ಓದಿ, ಹೀಗೆ ಆಗಲು ಸಾಧ್ಯವೇ, ಆದರೆ ಏನು ಮಾಡಬೇಕು ಎಂದು ಚರ್ಚೆಗೆ ಇಳಿಯಬಲ್ಲ.

ವಿಮಾನದೊಳಗೆ ತಂತಿ ಇದೆ, ಘಟಕಗಳ ಸಂಖ್ಯೆ ನಿಶ್ಚಿತ. ಗುಡ್ಡದ ಮೇಲೆ, ಕಾಡಿನಲ್ಲಿ, ಅಣೆಕಟ್ಟೆಯ ಮೈಯಲ್ಲಿ ಹರಡಿದ ನಿಸ್ತಂತು ಸೆನ್ಸರ್‌ಗಳ ವಿಷಯ ಇದಕ್ಕಿಂತ ಕಷ್ಟದ್ದು. ಅಲ್ಲಿ ಪ್ರತಿ ನೋಡ್, ಅಂದರೆ ಸೆನ್ಸರ್ ಮತ್ತು ರೇಡಿಯೊ ಹೊತ್ತ ಪುಟ್ಟ ಘಟಕ, ಬ್ಯಾಟರಿಯ ಮೇಲೆ ಬದುಕುತ್ತದೆ, ಬಹುಪಾಲು ಹೊತ್ತು ರೇಡಿಯೊ ಆರಿಸಿ ಮಲಗಿರುತ್ತದೆ, ತನಗೆ ಹತ್ತಿರದವರ ಮೂಲಕವೇ ಸುದ್ದಿಯನ್ನು ದಾಟಿಸುತ್ತದೆ. ಯಾರು ಯಾವ ಹೊತ್ತಿಗೆ ಮಾತನಾಡಬೇಕು ಎಂಬುದನ್ನು ಅವು ತಮ್ಮತಮ್ಮಲ್ಲೇ ಹಂಚಿಕೊಳ್ಳಬೇಕು. ಎಲ್‌ಮ್ಯಾಕ್ ಎಂಬ ಇಂಥದೊಂದು ಹಂಚಿಕೆಯ ಪದ್ಧತಿಯನ್ನು ಸಂಶೋಧಕರು 2007ರಲ್ಲಿ ಉಪ್ಪಾಲ್‌ನಲ್ಲಿ ತಾಳೆ ನೋಡಿದರು. ಆ ಪದ್ಧತಿಯಲ್ಲಿ ಕಾಲವನ್ನು ಸಣ್ಣ ಸರದಿಗಳಾಗಿ ಕತ್ತರಿಸಿರುತ್ತಾರೆ. ಪ್ರತಿ ನೋಡ್ ನೆರೆಹೊರೆಯಲ್ಲಿ ಯಾರೂ ಹಿಡಿಯದ ಸರದಿಯನ್ನು ಆರಿಸಿಕೊಳ್ಳುತ್ತದೆ. ಇಬ್ಬರು ಒಂದೇ ಸರದಿ ಹಿಡಿದು ಸಂದೇಶಗಳು ಡಿಕ್ಕಿ ಹೊಡೆದರೆ ಅದನ್ನು ಕೇಳಿಸಿಕೊಂಡ ಮೂರನೆಯವರು ವರದಿ ಮಾಡುತ್ತಾರೆ. ಆದರೆ ತಾನು ಮಾತನಾಡುತ್ತಿರುವಾಗ ಈ ರೇಡಿಯೊಗಳಿಗೆ ಕಿವಿ ಕೇಳಿಸುವುದಿಲ್ಲ. ಪಕ್ಕಪಕ್ಕದ ಎರಡು ನೋಡ್‌ಗಳು ಒಂದೇ ಸರದಿ ಹಿಡಿದು, ಇಬ್ಬರನ್ನೂ ಕೇಳಿಸಿಕೊಳ್ಳುವ ಮೂರನೆಯವರು ಯಾರೂ ಇಲ್ಲದಿದ್ದರೆ ಡಿಕ್ಕಿ ನಡೆದದ್ದೇ ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಇಬ್ಬರಲ್ಲಿ ಒಬ್ಬರು ಸರದಿ ಬದಲಿಸಲು ಕಾರಣವೇ ಇಲ್ಲ.

ಜಾಲದ ಆಕಾರ ಎಂಥದ್ದು ಎಂಬುದರ ಮೇಲೆ ಎಲ್ಲವೂ ನಿಂತಿರುವುದರಿಂದ, ಆ ಸಂಶೋಧಕರು ನಾಲ್ಕು ಮತ್ತು ಐದು ನೋಡ್‌ಗಳು ಒಂದಕ್ಕೊಂದು ಜೋಡಣೆಯಾಗಬಹುದಾದ ಎಲ್ಲ ಆಕಾರಗಳನ್ನೂ ತೆಗೆದುಕೊಂಡರು. ಅದಕ್ಕೆ 8,000ಕ್ಕೂ ಹೆಚ್ಚು ಸಲ ಸಾಧನವನ್ನು ಓಡಿಸಬೇಕಾಯಿತು. ಯಾವ ಆಕಾರಗಳಲ್ಲಿ ಡಿಕ್ಕಿ ಪತ್ತೆಯಾಗುವುದು ಕಷ್ಟ ಎಂಬ ಅಮೂಲ್ಯ ಮಾಹಿತಿ ಸಿಕ್ಕಿತು. ಆದರೆ ಐದರಾಚೆ ಹೋಗುವ ಕಷ್ಟವನ್ನು ನೋಡಿ: ಐದು ಬಿಂದುಗಳನ್ನು ಎಲ್ಲವೂ ಒಂದಕ್ಕೊಂದು ತಲುಪುವಂತೆ ಜೋಡಿಸುವ ಮೂಲ ಆಕಾರಗಳು 21. ಆರಕ್ಕೆ 112, ಏಳಕ್ಕೆ 853, ಹತ್ತಕ್ಕೆ 1.17 ಕೋಟಿ. ಸ್ಥಿತಿಗಳ ಸ್ಫೋಟವನ್ನು ತಡೆಯಲು ಮಾಡೆಲ್ ಚೆಕಿಂಗ್‌ನವರು ದಶಕಗಳಿಂದ ಒಳ್ಳೊಳ್ಳೆಯ ಉಪಾಯಗಳನ್ನು ಕಂಡುಕೊಂಡಿದ್ದಾರೆ. ಆಕಾರಗಳ ಸ್ಫೋಟಕ್ಕೆ ಅಷ್ಟು ಸುಲಭದ ಮದ್ದಿಲ್ಲ. ಆದ್ದರಿಂದ ಯಾರಾದರೂ ನಮ್ಮ ಸೆನ್ಸರ್ ಜಾಲವನ್ನು ಮಾಡೆಲ್ ಚೆಕ್ ಮಾಡಿದ್ದೇವೆ ಎಂದರೆ ನೀವು ತಕ್ಷಣ ಕೇಳಬೇಕಾದದ್ದು, ಎಷ್ಟು ನೋಡ್‌ಗಳಿಗೆ, ಯಾವ ಆಕಾರಗಳಿಗೆ ಎಂದು.

ನೋಡ್‌ಗಳ ಸಂಖ್ಯೆ ಎಷ್ಟೇ ಇರಲಿ, ಎಲ್ಲದಕ್ಕೂ ಒಪ್ಪುವ ಉತ್ತರ ಬೇಕೆಂದರೆ ಪ್ರಮೇಯವನ್ನು ಸಾಧಿಸಬೇಕು. ಮಾಂಟ್ರಿಯಲ್‌ನ ಕಾನ್ಕಾರ್ಡಿಯಾ ವಿಶ್ವವಿದ್ಯಾಲಯದ ಒಂದು ಗುಂಪು ಎಚ್‌ಒಎಲ್ ಎಂಬ ಪ್ರಮೇಯ ಸಾಧಕ ತಂತ್ರಾಂಶದಲ್ಲಿ ಕಾಡ್ಗಿಚ್ಚು ಪತ್ತೆಯ ಸೆನ್ಸರ್ ಜಾಲವನ್ನು ಹೀಗೆ ವಿಶ್ಲೇಷಿಸಿದೆ. ಯಂತ್ರ ಇಲ್ಲಿ ಸ್ಥಿತಿಗಳನ್ನು ಹುಡುಕುವುದಿಲ್ಲ. ಮನುಷ್ಯ ಬರೆದ ಸಾಧನೆಯ ಪ್ರತಿ ಹೆಜ್ಜೆಯನ್ನೂ ತರ್ಕದ ನಿಯಮಗಳಿಗೆ ಹಚ್ಚಿ ನೋಡುತ್ತದೆ. ಆ ಜಾಲದ ಮೂಲ ಲೆಕ್ಕ ಸರಳವಾದದ್ದು, ನೀವೂ ಕಾಗದದ ಮೇಲೆ ಮಾಡಿ ನೋಡಬಹುದು. ಬ್ಯಾಟರಿ ಉಳಿಸಲು ಪ್ರತಿ ನೋಡ್ ತಾನು ಯಾವ ಪಾಳಿಯಲ್ಲಿ ಎಚ್ಚರವಿರಬೇಕು ಎಂಬುದನ್ನು ಮನಬಂದಂತೆ ಆರಿಸಿಕೊಳ್ಳುತ್ತದೆ. ಪಾಳಿಗಳು ಸರತಿಯಲ್ಲಿ ಕೆಲಸ ಮಾಡುತ್ತವೆ. ಕಾಡಿನ ಒಂದು ಬಿಂದುವನ್ನು ಒಂದು ನೋಡ್ ಕಾಣುವ ಸಂಭವ 0.02 ಎಂದೂ ನೋಡ್‌ಗಳು 500 ಎಂದೂ ಇಟ್ಟುಕೊಳ್ಳಿ. ಎರಡು ಪಾಳಿ ಮಾಡಿದರೆ ಒಂದು ನೋಡ್ ಒಂದು ಕ್ಷಣದಲ್ಲಿ ಎಚ್ಚರವಿದ್ದು ಆ ಬಿಂದುವನ್ನು ಕಾಣುವ ಸಂಭವ 0.01, 500 ನೋಡ್‌ಗಳಲ್ಲಿ ಒಂದೂ ಕಾಣದಿರುವ ಸಂಭವ 0.99ರ 500ನೇ ಘಾತ, ಅಂದರೆ 0.7 ಪ್ರತಿಶತಕ್ಕೂ ಕಡಿಮೆ. ಆ ಬಿಂದು 99.3 ಪ್ರತಿಶತ ಹೊತ್ತು ಕಾವಲಿನಲ್ಲಿರುತ್ತದೆ. ಬ್ಯಾಟರಿ ಇನ್ನೂ ಬಾಳಲಿ ಎಂದು ನಾಲ್ಕು ಪಾಳಿ ಮಾಡಿದರೆ ಕಾವಲು 91.8 ಪ್ರತಿಶತಕ್ಕೂ ಐದು ಮಾಡಿದರೆ 86.5 ಪ್ರತಿಶತಕ್ಕೂ ಇಳಿಯುತ್ತದೆ. ಬೆಂಕಿ ಒಂದು ಪಾಳಿಯಲ್ಲಿ ಆರಿಹೋಗುವಂಥದಲ್ಲ, ಈ ಪಾಳಿಗೆ ಕಾಣದ್ದು ಮುಂದಿನದಕ್ಕೆ ಕಾಣಬಹುದು. ಹಾಗಾಗಿ ನಿಜವಾದ ಪ್ರಶ್ನೆ ತಡವಾಗುವುದು ಎಷ್ಟು, ಅಷ್ಟರಲ್ಲಿ ಬೆಂಕಿ ಎಷ್ಟು ಹರಡುತ್ತದೆ ಎಂಬುದು. ಈ ಸೂತ್ರ ಐದು ನೋಡ್‌ಗಳಿಗೆ ಮಾತ್ರ ನಿಲ್ಲುವಂಥದಲ್ಲ, ಎಲ್ಲ ಸಂಖ್ಯೆಗೂ ನಿಲ್ಲುತ್ತದೆ ಎಂಬುದೇ ಪ್ರಮೇಯದ ಬಲ.

ಆದರೆ ಆ ಸೂತ್ರದೊಳಗೆ ಎರಡು ಊಹೆಗಳು ಕುಳಿತಿವೆ. ನೋಡ್‌ಗಳು ಕಾಡಿನಲ್ಲಿ ಸಮನಾಗಿ ಚೆಲ್ಲಿವೆ ಎಂಬುದು ಒಂದು. ಒಂದು ನೋಡ್ ಕೆಲಸ ಮಾಡುವುದಕ್ಕೂ ಇನ್ನೊಂದು ಕೆಲಸ ಮಾಡುವುದಕ್ಕೂ ಸಂಬಂಧವಿಲ್ಲ ಎಂಬುದು ಇನ್ನೊಂದು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಕಾಡ್ಗಿಚ್ಚನ್ನು ನೀವು ಮರೆತಿರಲಾರಿರಿ. ಅಲ್ಲಿನಂಥ ಕಾಡಿನಲ್ಲಿ ಸೆನ್ಸರ್ ಹಾಕಬೇಕಾಗಿ ಬಂದರೆ ಹಾಕುವವರು ಎಲ್ಲಿ ಹಾಕುತ್ತಾರೆ ಎಂದು ಯೋಚಿಸಿ. ಸಿಬ್ಬಂದಿ ಹೋಗಿಬರಬಲ್ಲ ದಾರಿಯ ಪಕ್ಕ, ಬೆಂಕಿ ರೇಖೆಯ ಉದ್ದಕ್ಕೆ. ಲಂಟಾನ ಪೊದೆಗಳು ದಟ್ಟವಾಗಿ ಬೆಳೆದ ಒಳಗಾಡಿನಲ್ಲಿ ಅವು ವಿರಳವಾಗುತ್ತವೆ. ಅಂದರೆ 0.02 ಎಂಬ ಸಂಖ್ಯೆ ರಸ್ತೆಬದಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು, ಒಳಗೆ ಬಹಳ ಕಡಿಮೆ. ಸರಾಸರಿ ಸರಿಯಿದ್ದರೂ ಒಳಗಾಡಿನ ಬಿಂದುವಿನ ಕಾವಲು ಸೂತ್ರ ಹೇಳಿದಷ್ಟಿರುವುದಿಲ್ಲ. ಪ್ರಮೇಯ ಸುಳ್ಳಾಗಲಿಲ್ಲ, ಅದು ಮಾತು ಕೊಟ್ಟ ಕಾಡು ಬೇರೆ, ನಾವು ಸೆನ್ಸರ್ ನೆಟ್ಟ ಕಾಡು ಬೇರೆ.

ಇಂದು ನಾನು ಒತ್ತಿ ಹೇಳಬೇಕೆಂದು ಬಂದಿರುವ ಮಾತು ಇಲ್ಲಿಂದ ಶುರುವಾಗುತ್ತದೆ. ತುರ್ತಿನ ಕೆಲಸಕ್ಕೆ ನಿಲ್ಲಿಸಿದ ಸೆನ್ಸರ್ ಜಾಲಗಳಲ್ಲಿ ಊಹೆಗಳು ಯಾವಾಗಲೋ ಒಮ್ಮೆ ಆಕಸ್ಮಿಕವಾಗಿ ಮುರಿಯುವುದಿಲ್ಲ. ಯಾವ ಅಪಾಯವನ್ನು ಕಾಯಲು ಜಾಲವನ್ನು ಹಾಕಿದ್ದೇವೋ ಆ ಅಪಾಯವೇ ಬಹುಪಾಲು ಅವುಗಳನ್ನು ಮುರಿಯುತ್ತದೆ. ಭೂಕುಸಿತದ ಉದಾಹರಣೆ ತೆಗೆದುಕೊಳ್ಳಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಜಾರಿದ ನಂತರ ಮುನ್ನೆಚ್ಚರಿಕೆಯ ಯಂತ್ರಗಳ ಬಗ್ಗೆ ನಮ್ಮಲ್ಲಿ ಮಾತು ಹೆಚ್ಚಾಯಿತು. ಪಕ್ಕದ ಕೇರಳದ ಮುನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಪೀಠದವರು ಅದಕ್ಕೂ ಹಲವು ವರ್ಷಗಳ ಮೊದಲೇ ನಿಸ್ತಂತು ಸೆನ್ಸರ್ ಜಾಲವನ್ನು ಹಾಕಿದ್ದರು. ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್, ಓರೆ ಅಳೆಯುವ ಟಿಲ್ಟ್ ಮೀಟರ್, ನೆಲದ ಕಂಪನ ಹಿಡಿಯುವ ಜಿಯೊಫೋನ್, ಮಳೆ ಮಾಪಕ ಎಲ್ಲವೂ ಅದರಲ್ಲಿವೆ. ಸುದ್ದಿ ಗುಡ್ಡದಿಂದ ಎಲ್ಲ ನೋಡ್‌ಗಳ ಮಾತನ್ನು ಒಟ್ಟುಗೂಡಿಸುವ ಗೇಟ್‌ವೇಗೆ, ಅಲ್ಲಿಂದ ಉಪಗ್ರಹದ ಮೂಲಕ ದೂರದ ಕೇಂದ್ರಕ್ಕೆ ಹೋಗುತ್ತದೆ. ಇದು ಮೆಚ್ಚಬೇಕಾದ ಕೆಲಸ. ನಾನು ಕೇಳುತ್ತಿರುವುದು ಇಂಥ ಯಾವ ಜಾಲಕ್ಕೂ ಅನ್ವಯಿಸುವ ಪ್ರಶ್ನೆ.

ಒಂದು ಸಂದೇಶ ಕಳೆದುಹೋಗುವ ಸಂಭವ ಹತ್ತರಲ್ಲಿ ಒಂದು ಎಂದಿಟ್ಟುಕೊಳ್ಳೋಣ. ಮೂರು ಸಲ ಕಳಿಸಿದರೆ ಮೂರೂ ಕಳೆಯುವ ಸಂಭವ ಸಾವಿರದಲ್ಲಿ ಒಂದು. ವಿನ್ಯಾಸದ ಕಡತದಲ್ಲಿ ಈ ಸಾವಿರದಲ್ಲಿ ಒಂದು ಎಂಬ ಸಂಖ್ಯೆ ಬಹಳ ನೆಮ್ಮದಿಯಿಂದ ಕುಳಿತಿರುತ್ತದೆ. ಆದರೆ ರೇಡಿಯೊ ದಾರಿ ಹಾಗೆ ಕೆಡುವುದಿಲ್ಲ. ಕೆಟ್ಟರೆ ಒಂದಿಷ್ಟು ಹೊತ್ತು ಕೆಟ್ಟೇ ಇರುತ್ತದೆ, ಸರಿಯಾದರೆ ಸರಿಯಾಗಿಯೇ ಇರುತ್ತದೆ. ಹೊತ್ತಿನ ಹತ್ತರಲ್ಲಿ ಒಂದು ಪಾಲು ದಾರಿ ಪೂರ್ತಿ ಮುಚ್ಚಿರುತ್ತದೆ, ಮುಚ್ಚಿದರೆ ಹಲವು ಸೆಕೆಂಡು ಹಾಗೆಯೇ ಇರುತ್ತದೆ ಎಂದು ಮಾದರಿ ಮಾಡಿ. ಮೂರೂ ಪ್ರಯತ್ನಗಳು ಅರ್ಧ ಸೆಕೆಂಡಿನೊಳಗೆ ಮುಗಿಯುವುದಾದರೆ ಮೂರೂ ಕಳೆಯುವ ಸಂಭವ ಹೆಚ್ಚುಕಡಿಮೆ ಹತ್ತರಲ್ಲಿ ಒಂದೇ. ಸರಾಸರಿ ನಷ್ಟ ಎರಡು ಮಾದರಿಗಳಲ್ಲೂ ಒಂದೇ ಆದರೂ ಉತ್ತರದಲ್ಲಿ ನೂರು ಪಟ್ಟು ವ್ಯತ್ಯಾಸ. ಬರ್ಮಿಂಗ್‌ಹ್ಯಾಮ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ಮಾರ್ತಾ ಕ್ವಿಯಾಟ್ಕೊವ್ಸ್ಕಾ ಮತ್ತು ಸಂಗಡಿಗರು ಬೆಳೆಸಿದ ಪ್ರಿಸಂ ಎಂಬ ಸಾಧನ ಇಂಥ ಸಂಭಾವ್ಯತೆಯ ಲೆಕ್ಕಗಳಿಗೆಂದೇ ಇದೆ; ಎರಡು ಮಾದರಿಗಳನ್ನೂ ಅದರಲ್ಲಿ ಕೆಲವೇ ಸಾಲುಗಳಲ್ಲಿ ಬರೆದು ಹೋಲಿಸಬಹುದು. ಸಾಧನ ಎರಡಕ್ಕೂ ಅಷ್ಟೇ ನಿಖರವಾದ ಉತ್ತರ ಕೊಡುತ್ತದೆ. ಗುಡ್ಡದ ಮೇಲಿನ ಗಾಳಿ ಯಾವ ಮಾದರಿಯದು ಎಂಬುದನ್ನು ಅದು ಹೇಳಲಾರದು.

ಇನ್ನು ಮಳೆಗಾಲವನ್ನು ಈ ಮಾದರಿಗೆ ಸೇರಿಸಿ. ಇಂಥ ನೋಡ್‌ಗಳು ಸಾಮಾನ್ಯವಾಗಿ ಬಳಸುವ 2.4 ಗಿಗಾಹರ್ಟ್ಸ್ ತರಂಗಕ್ಕೆ ಸುರಿಯುವ ಮಳೆ ಅಷ್ಟೇನೂ ಅಡ್ಡಿಯಲ್ಲ, ಆದರೆ ಒದ್ದೆಯಾದ ಎಲೆಗಳ ದಟ್ಟಣೆ ಅಡ್ಡಿ ಮಾಡುತ್ತದೆ. ದಿನಗಟ್ಟಲೆ ಮೋಡ ಕವಿದರೆ ಸೌರ ಫಲಕ ಬ್ಯಾಟರಿಯನ್ನು ತುಂಬುವುದಿಲ್ಲ. ಒಂದೇ ಇಳಿಜಾರಿನ ಎಲ್ಲ ನೋಡ್‌ಗಳಿಗೂ ಒಂದೇ ಮೋಡ. ನೆಲ ಸಡಿಲವಾಗಿ ಕಂಬ ವಾಲಿದರೆ ಆಂಟೆನಾದ ದಿಕ್ಕು ತಪ್ಪುತ್ತದೆ. ಗುಡ್ಡ ಜಾರುವುದು ಯಾವಾಗ? ಇದೇ ದಿನಗಳಲ್ಲಿ. ವರ್ಷದ ಸರಾಸರಿಯಲ್ಲಿ ಜಾಲ 99 ಪ್ರತಿಶತ ಹೊತ್ತು ಕೆಲಸ ಮಾಡಿತು ಎಂಬ ವರದಿ ಪೂರ್ತಿ ನಿಜವಿರಬಹುದು, ಆ ಉಳಿದ ಒಂದು ಪ್ರತಿಶತ, ಅಂದರೆ ಮೂರೂವರೆ ದಿನ, ಆಗಸ್ಟ್ ತಿಂಗಳ ಅದೇ ವಾರದಲ್ಲಿ ಬಿದ್ದಿರಲೂಬಹುದು. ಆದ್ದರಿಂದ ನಾವು ಸಾಧಿಸಬೇಕಾದ ಗುಣ ವರ್ಷದ ಸರಾಸರಿಯದ್ದಲ್ಲ. ಮೂರು ದಿನ ಎಡೆಬಿಡದೆ ಮಳೆ ಬಿದ್ದಿದೆ ಎಂಬ ಷರತ್ತಿನೊಳಗೆ, ಎರಡು ಪೀಜೋಮೀಟರ್‌ಗಳು ಮಿತಿ ದಾಟಿದ ಒಂದು ನಿಮಿಷದೊಳಗೆ ಕೇಂದ್ರಕ್ಕೆ ಎಚ್ಚರಿಕೆ ತಲುಪುವ ಸಂಭವ ಎಷ್ಟು ಎಂದು ಕೇಳಬೇಕು. ಪ್ರಶ್ನೆಯನ್ನು ಷರತ್ತಿನೊಡನೆ ಬರೆಯುವುದಕ್ಕೆ ಈ ಸಾಧನಗಳಲ್ಲಿ ಯಾವ ತೊಡಕೂ ಇಲ್ಲ. ಬರೆಯುವ ಅಭ್ಯಾಸ ನಮ್ಮಲ್ಲಿ ಕಡಿಮೆ.

ಸ್ವಲ್ಪ ಪಕ್ಕಕ್ಕೆ ಸರಿದು ಇನ್ನೊಂದು ಊಹೆಯನ್ನು ಮುಟ್ಟಿ ಬರುತ್ತೇನೆ. ಕೆಟ್ಟ ಸೆನ್ಸರ್ ಎಲ್ಲರಿಗೂ ಒಂದೇ ತಪ್ಪನ್ನು ಹೇಳುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ವಿಮಾನ ನಿಯಂತ್ರಣದ ಕಂಪ್ಯೂಟರ್ ಒಂದನ್ನು ವಿನ್ಯಾಸ ಮಾಡುತ್ತಿದ್ದಾಗ ಪೀಸ್, ಶೋಸ್ಟಾಕ್ ಮತ್ತು ಲ್ಯಾಂಪೋರ್ಟ್ ಈ ಊಹೆಯನ್ನು ಕೈಬಿಟ್ಟು ನೋಡಿದರು. 1980ರಲ್ಲಿ ಅವರು ತೋರಿಸಿದ ಪ್ರಕಾರ, ಕೆಟ್ಟ ಘಟಕ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳಬಲ್ಲುದಾದರೆ, ಒಂದು ಕೆಟ್ಟರೂ ಉಳಿದವು ಒಮ್ಮತಕ್ಕೆ ಬರಲು ಮೂರು ಘಟಕ ಸಾಲದು, ನಾಲ್ಕು ಬೇಕು. ಮೂರಿದ್ದರೆ ಸಾಕು ಎಂಬ ನಮ್ಮ ಎಂಜಿನಿಯರಿಂಗ್ ರೂಢಿಯ ಹಿಂದೆ ಎಂಥ ಊಹೆ ಅಡಗಿದೆ ಎಂಬುದನ್ನು ಆ ಪ್ರಮೇಯ ಸ್ಪಷ್ಟವಾಗಿ ತೋರಿಸಿತು.

ನೋಡ್‌ನ ಒಳಗಿನ ತಂತ್ರಾಂಶದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಬೇರೊಂದು ಉಪನ್ಯಾಸದ ವಿಷಯ. ಆದರೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಈ ದಿಕ್ಕಿನಲ್ಲಿ ಗಟ್ಟಿ ಕೆಲಸ ನಡೆದಿದೆ ಎಂಬುದು ನಿಮಗೆ ತಿಳಿದಿರಲಿ. ಸಣ್ಣ ಸಾಧನಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಫ್ರೀಆರ್‌ಟಿಒಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಶೆಡ್ಯೂಲರ್ ಭಾಗವನ್ನು ಅಲ್ಲಿನ ಸಂಶೋಧಕರು ಇತರರ ಜೊತೆಗೂಡಿ ಗಣಿತದ ವಿವರಣೆಯೊಂದಿಗೆ ಹಂತಹಂತವಾಗಿ ತಾಳೆ ನೋಡಿ ಪರಿಶೀಲಿಸಿದ್ದಾರೆ. ಮೇಲಿನ ಪದ್ಧತಿ ಎಷ್ಟೇ ಸರಿಯಿದ್ದರೂ ಯಾವ ಕೆಲಸಕ್ಕೆ ಯಾವಾಗ ಪ್ರೊಸೆಸರ್ ಸಿಗಬೇಕೆಂಬ ತಳದ ತೀರ್ಮಾನ ತಪ್ಪಿದರೆ ಸಂದೇಶ ಗಡುವಿಗೆ ಹೊರಡುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಗಣಿತದ ಪರಿಶೀಲನೆ ಊಹೆಗಳ ಮೇಲೆ ನಿಂತಿರುವುದಾದರೆ ಅದರಿಂದ ಉಪಯೋಗವೇನು ಎಂದು ಯಾರಾದರೂ ಕೇಳಿದರೆ, ಪರೀಕ್ಷೆಯೂ ಊಹೆಗಳ ಮೇಲೆಯೇ ನಿಂತಿದೆ, ಆದರೆ ಅಲ್ಲಿ ಅವು ಕಾಣುವುದಿಲ್ಲ ಎಂಬುದೇ ನನ್ನ ಉತ್ತರ. ಪ್ರಮೇಯವನ್ನು ಸಾಧಿಸಲು ಕುಳಿತಾಗ ಬರೆಯದ ಊಹೆಯನ್ನು ಯಂತ್ರ ಒಪ್ಪುವುದಿಲ್ಲ. ಸಾಧನೆ ಅಲ್ಲಿಯೇ ನಿಲ್ಲುತ್ತದೆ. ಹೀಗೆ ಕೈಗೆ ಬಂದ ಊಹೆಗಳ ಪಟ್ಟಿಯನ್ನು ಸಂಶೋಧನಾ ಪ್ರಬಂಧದ ಮೂಲೆಯಲ್ಲಿ ಬಿಡದೆ, ಜಾಲವನ್ನು ಕೊಳ್ಳುವ ಇಲಾಖೆಯ ಟೆಂಡರಿನಲ್ಲೂ ಒಪ್ಪಿಸಿಕೊಳ್ಳುವ ಕಾಗದದಲ್ಲೂ ಸೇರಿಸಬೇಕೆಂದು ನಾನು ಗಟ್ಟಿಯಾಗಿ ವಾದಿಸುತ್ತೇನೆ. ಪ್ರತಿ ಊಹೆಯ ಎದುರು ಅದನ್ನು ಜಾಲವೇ ಅಳೆಯಬಲ್ಲುದೇ ಎಂದು ಬರೆಯಬೇಕು. ಸಂದೇಶಗಳು ಸಾಲಾಗಿ ಎಷ್ಟು ಕಳೆದವು ಎಂಬುದನ್ನು ಗೇಟ್‌ವೇ ಎಣಿಸಬಲ್ಲುದು. ಬ್ಯಾಟರಿಯ ವೋಲ್ಟೇಜನ್ನು ನೋಡ್ ತಾನೇ ಕಳಿಸಬಲ್ಲುದು. ಗಡಿಯಾರಗಳ ನಡುವಿನ ಅಂತರವನ್ನು ಲೆಕ್ಕ ಹಾಕಬಹುದು. ಮಾದರಿಯಲ್ಲಿ ಬರೆದ ಮಿತಿಯನ್ನು ಇವು ದಾಟಿದ ಕ್ಷಣದಲ್ಲಿ ಜಾಲ ಇನ್ನೂ ಓಡುತ್ತಿರಬಹುದು, ಆದರೆ ಅದರ ಪ್ರಮೇಯ ಆ ಕ್ಷಣದಿಂದ ಅನ್ವಯಿಸುವುದಿಲ್ಲ, ಇದನ್ನು ಕೇಂದ್ರದಲ್ಲಿ ಕುಳಿತವರು ತಿಳಿಯಲೇಬೇಕು. ಓಡುತ್ತಿರುವ ವ್ಯವಸ್ಥೆಯ ಮೇಲೆ ಇಂಥ ಕಾವಲುಗಾರ ತಂತ್ರಾಂಶಗಳನ್ನು ಸೂತ್ರಗಳಿಂದಲೇ ನೇರವಾಗಿ ತಯಾರಿಸುವ ಸಾಧನಗಳು ಈಗ ಸಿಗುತ್ತವೆ.

ಕೊನೆಗೆ, ಸುದ್ದಿಯೇ ಬರದಿದ್ದಾಗ ಏನು ಮಾಡಬೇಕು ಎಂಬ ಪ್ರಶ್ನೆ. ರೈಲಿನವರಿಗೆ ಇದಕ್ಕೆ ಹಳೆಯ ಉತ್ತರವಿದೆ. ರೈಲುಗಳ ಡಿಕ್ಕಿ ತಪ್ಪಿಸಲೆಂದು ಇರುವ ಭಾರತೀಯ ರೈಲ್ವೆಯ ಕವಚ್ ವ್ಯವಸ್ಥೆ ಹಳಿಗಳ ನಡುವೆ ಇಟ್ಟ, ರೇಡಿಯೊ ತರಂಗದಿಂದ ಗುರುತು ಹೇಳುವ ಆರ್‌ಎಫ್‌ಐಡಿ ಟ್ಯಾಗ್‌ಗಳನ್ನು ಓದುತ್ತಾ ನಿಲ್ದಾಣಗಳೊಂದಿಗೆ ರೇಡಿಯೊ ಮೂಲಕ ಮಾತನಾಡುತ್ತದೆ, ಅದೂ ಒಂದು ಸೆನ್ಸರ್ ಜಾಲವೇ. ಸುರಕ್ಷತೆಯ ಮಟ್ಟಗಳಲ್ಲಿ ಅತ್ಯುನ್ನತವಾದ ನಾಲ್ಕನೆಯ ಮಟ್ಟಕ್ಕೆ ಅದನ್ನು ಕಟ್ಟಲಾಗಿದೆ. ಪ್ಯಾರಿಸ್ಸಿನಲ್ಲಿ 1998ರಿಂದ ಚಾಲಕರಿಲ್ಲದೆ ಓಡುತ್ತಿರುವ 14ನೇ ಮೆಟ್ರೊ ಮಾರ್ಗದ ಸುರಕ್ಷತಾ ತಂತ್ರಾಂಶವನ್ನು ಬಿ ಎಂಬ ಗಣಿತ ವಿಧಾನದಿಂದ ಸಾಧಿಸಿಯೇ ಬರೆದರು. ರೈಲಿನಲ್ಲಿ ಇದೆಲ್ಲ ಸಾಧ್ಯವಾಗುವುದಕ್ಕೆ ಒಂದು ಮುಖ್ಯ ಕಾರಣ, ಸಂದೇಹ ಬಂದರೆ ನಿಲ್ಲಬಹುದು ಎಂಬುದು. ನಿಂತ ರೈಲು ಸುರಕ್ಷಿತ. ಹಾರುವ ವಿಮಾನಕ್ಕೆ ಆ ಅವಕಾಶವಿಲ್ಲ. ಗುಡ್ಡದ ಬುಡದ ಊರಿಗೂ ಅದು ಅರ್ಧ ಮಾತ್ರ ಇದೆ. ಸಂದೇಶ ತಪ್ಪಿದಾಗಲೆಲ್ಲ ಸೈರನ್ ಕೂಗಿಸಿ ನಡುರಾತ್ರಿ ಮಳೆಯಲ್ಲಿ ಜನರನ್ನು ಎಬ್ಬಿಸಿದರೆ ನಾಲ್ಕನೆಯ ಸಲ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ.

ಆದ್ದರಿಂದ ಮಾದರಿಯಲ್ಲಿ ಸುರಕ್ಷಿತ, ಅಪಾಯ ಎಂಬ ಎರಡೇ ಸ್ಥಿತಿ ಇಡದೆ, ಗೊತ್ತಿಲ್ಲ ಎಂಬ ಮೂರನೆಯದನ್ನೂ ಇಡಬೇಕು. ನೋಡ್ ಸುಮ್ಮನಾದಾಗ ಹಿಂದಿನ ಮೌಲ್ಯವನ್ನೇ ಹಿಡಿದುಕೊಂಡು ಪರದೆಯ ಮೇಲೆ ಹಸಿರು ದೀಪ ಉರಿಸುವ ವ್ಯವಸ್ಥೆ ನನ್ನ ದೃಷ್ಟಿಯಲ್ಲಿ ಒಪ್ಪತಕ್ಕದ್ದಲ್ಲ. ತಾಳೆ ನೋಡಬೇಕಾದ ಗುಣವನ್ನು ಹೀಗೆ ಬರೆಯಬಹುದು: ಒಂದು ಇಳಿಜಾರಿನ ಕನಿಷ್ಠ ಎರಡು ಪೀಜೋಮೀಟರ್‌ಗಳಿಂದ ಕಳೆದ ಹತ್ತು ನಿಮಿಷಗಳಲ್ಲಿ ಹೊಸ ಮಾಪನ ಬಂದಿಲ್ಲದಿದ್ದರೆ, ಆ ಇಳಿಜಾರು ಯಾವ ದಾರಿಯಲ್ಲಿ ಬಂದರೂ ಸುರಕ್ಷಿತ ಎಂಬ ಸ್ಥಿತಿಯಲ್ಲಿ ಉಳಿದಿರಬಾರದು; ಗೊತ್ತಿಲ್ಲ ಎಂಬ ಸ್ಥಿತಿಗೆ ಹೋದ ಮೇಲೆ ನಿಗದಿತ ಹೊತ್ತಿನೊಳಗೆ ಪಂಚಾಯಿತಿಯ ಒಬ್ಬ ಜವಾಬ್ದಾರರಿಗೆ ಫೋನು ಹೋಗಲೇಬೇಕು; ಆ ಫೋನನ್ನು ಯಾರೂ ಎತ್ತದಿದ್ದರೆ ಮುಂದೇನು ಎಂಬುದಕ್ಕೂ ಮಾದರಿಯಲ್ಲಿ ಒಂದು ದಾರಿ ಇರಲೇಬೇಕು. ಈ ಮೂರು ವಾಕ್ಯಗಳನ್ನು ಉಪ್ಪಾಲ್‌ಗೆ ಕೊಡುವುದು ಇಲ್ಲಿ ಕುಳಿತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳ ಕೈಗೆ ಎಟಕುವ ಕೆಲಸ. ಹತ್ತು ನಿಮಿಷ ಸರಿಯೇ, ಇಪ್ಪತ್ತಿರಲೇ ಎಂಬುದನ್ನು ಸಾಧನ ಹೇಳುವುದಿಲ್ಲ. ಅದನ್ನು ಭೂವಿಜ್ಞಾನಿಗಳೂ ಆ ಊರಿನವರೂ ಕೂಡಿ ಕುಳಿತು ತೀರ್ಮಾನಿಸಬೇಕು, ತೀರ್ಮಾನಿಸಿದ್ದಕ್ಕೆ ಕಾರಣವನ್ನು ಊಹೆಗಳ ಪಟ್ಟಿಯಲ್ಲಿ ಆ ಸಂಖ್ಯೆಯ ಪಕ್ಕದಲ್ಲಿಯೇ ಬರೆದಿಡಬೇಕು.